ಸ್ಪ್ಲಿಟ್ ಲೀಪ್‌ಗೆ 0.1 ಕಳೆಯಬೇಕಾ, 0.3 ಕಳೆಯಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಮೈಸೂರು

ಎಲ್ಲರಿಗೂ ನಮಸ್ಕಾರ. ಶಾಲೆ, ಕಾಲೇಜು ಸೇರಿ ಒಂಬತ್ತು ವರ್ಷ ಜಿಮ್ನಾಸ್ಟಿಕ್ಸ್ ಮಾಡಿದವಳು ನಾನು. ಈಗ ಜಡ್ಜಿಂಗ್ ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ಮೊದಲ ಸಲ ಹುಡುಗಿಯರ ಫ್ಲೋರ್ (ನೆಲದ ಮ್ಯಾಟ್ ಮೇಲೆ ಮಾಡುವುದು) ಮತ್ತು ಬೀಮ್‌ಗೆ (ಕಿರಿದಾದ ಪಟ್ಟಿಯ ಮೇಲೆ ಮಾಡುವುದು) ಜಡ್ಜ್ ಆಗಿ ಕೂರಬೇಕು. ಟಂಬ್ಲಿಂಗ್, ಅಂದರೆ ಪಲ್ಟಿಗಳ ಬಗ್ಗೆ ಅಷ್ಟು ಭಯ ಇಲ್ಲ. ಬಿದ್ದರೆ ಬಿದ್ದಳು, ಹೆಜ್ಜೆ ಇಟ್ಟರೆ ಇಟ್ಟಳು, ಕಣ್ಣಿಗೆ ಕಾಣುತ್ತದೆ. ನನಗೆ ಕೈ ಕೊಡುತ್ತಿರುವುದು ಸ್ಪ್ಲಿಟ್ ಲೀಪ್ ಮತ್ತು ಜಂಪ್‌ಗಳು, ಅಂದರೆ ಗಾಳಿಯಲ್ಲಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚುವ ಹಾರಿಕೆಗಳು.

ನಿಯಮ ಬಾಯಿಪಾಠ ಇದೆ. ಕಾಲುಗಳ ನಡುವೆ 180 ಡಿಗ್ರಿ ಬೇಕು. 20 ಡಿಗ್ರಿವರೆಗೆ ಕಮ್ಮಿಯಾದರೆ 0.1 ಕಡಿತ. 20ರಿಂದ 45ರವರೆಗೆ 0.3. 45ಕ್ಕಿಂತ ಜಾಸ್ತಿ ಕಮ್ಮಿಯಾದರೆ ಆ ಎಲಿಮೆಂಟ್‌ಗೆ, ಅಂದರೆ ಆ ಹಾರಿಕೆಗೆ, ಬೆಲೆಯೇ (ಕಷ್ಟಕ್ಕೆ ಕೊಡುವ ಅಂಕ) ಸಿಗುವುದಿಲ್ಲ. ಇಷ್ಟೇ ಅಲ್ವಾ? ಆದರೆ ಮೊನ್ನೆ ಗೆಳತಿಯ ಜೊತೆ ಕೂತು ಹಳೇ ವಿಡಿಯೊ ಹಾಕಿ, ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದೆವು. ಹತ್ತು ಲೀಪ್‌ಗಳಲ್ಲಿ ನಾಲ್ಕಕ್ಕೆ ನಾನು 0.1 ಅಂದರೆ ಅವಳು 0.3. ಅದೇ ವಿಡಿಯೊ ಇನ್ನೊಮ್ಮೆ ಹಾಕಿದಾಗ ನಾನೇ ಎರಡು ಉತ್ತರ ಬದಲಿಸಿದೆ! ಮೇಲಕ್ಕೆ ಹಾರಿ ಕೆಳಗೆ ಬರುವಷ್ಟರಲ್ಲಿ ಕಣ್ಣು ಏನು ನೋಡಬೇಕು, ಯಾವಾಗ ನೋಡಬೇಕು? ಜಡ್ಜ್ ಆಗಿ ಕೂತವರು, ಕೋಚ್‌ಗಳು, ಯಾರಾದರೂ ಹೇಳಿ.


ಹಿರಿಯ ಜಡ್ಜ್, ಬೆಂಗಳೂರು

ನೋಡಮ್ಮ, ನಿನ್ನ ಉತ್ತರ ನೀನೇ ಬದಲಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ಮೊದಲ ಎರಡು ವರ್ಷ ಇದೇ ಗೋಳಿನಲ್ಲಿದ್ದೆ. ಆಮೇಲೆ ಗೊತ್ತಾಯಿತು, ನಾನು ನೋಡುತ್ತಿದ್ದ ಜಾಗವೇ ತಪ್ಪು. ನಾನು ಪಾದ ನೋಡುತ್ತಿದ್ದೆ. ಎಲ್ಲರೂ ಮೊದಲು ಅದನ್ನೇ ನೋಡುವುದು. ಚೂಪಾಗಿ ಚಾಚಿದ ಬೆರಳು ಕಣ್ಣನ್ನು ಎಳೆದುಕೊಂಡುಬಿಡುತ್ತದೆ.

ಹಾರಿದ ಹುಡುಗಿ ಹಿಂದಿನ ಮೊಣಕಾಲನ್ನು ಒಂಚೂರು ಮಡಿಚಿ ಪಾದ ಮೇಲೆತ್ತಿರುತ್ತಾಳೆ. ಪಾದದಿಂದ ಪಾದಕ್ಕೆ ಗೆರೆ ಎಳೆದರೆ ಚೆಂದದ 180. ಆದರೆ ತೊಡೆ ನೋಡು, 155 ಕೂಡ ಇರುವುದಿಲ್ಲ. ಅದಕ್ಕೇ ನಾನು ಮೊಣಕಾಲು, ಸೊಂಟ, ಮೊಣಕಾಲು ಈ ಮೂರನ್ನೇ ನೋಡುತ್ತೇನೆ. ಪಾದ ಆಮೇಲೆ. ಮಡಿಚಿದ ಮೊಣಕಾಲಿಗೆ ಹೇಗೂ ಬೇರೆ ಕಡಿತ ಇದೆ. ಅದು ಎಷ್ಟು ಮಡಿಚಿದೆ ಅನ್ನುವುದರ ಮೇಲೆ 0.1, 0.3, 0.5.

ಡಿಗ್ರಿ ಲೆಕ್ಕಕ್ಕೆ ನನ್ನ ಉಪಾಯ ಗಡಿಯಾರ. ಸೊಂಟವೇ ಮುಳ್ಳಿನ ಮೊಳೆ ಅಂದುಕೋ. ತೊಡೆಗಳು ಎರಡು ಮುಳ್ಳು. ಮೂರು ಮತ್ತು ಒಂಬತ್ತರ ಮೇಲಿದ್ದರೆ 180. ಮೂರು ಮತ್ತು ಎಂಟು ಅಂದರೆ 150, ಅಂದರೆ 30 ಡಿಗ್ರಿ ಕಮ್ಮಿ, 0.3 ಬರೆ. ನಾಲ್ಕು ಮತ್ತು ಎಂಟು ಅಂದರೆ 120, ಬೆಲೆ ಹೋಯಿತು. ಅಂಕೆಗೆ ಅಂಕೆ 30 ಡಿಗ್ರಿ ಅನ್ನುವುದೊಂದು ನೆನಪಿದ್ದರೆ ಸಾಕು. ಒಂದು ತಮಾಷೆ ಗೊತ್ತಾ? ಎರಡು ಮತ್ತು ಎಂಟು ಬಂದರೂ 180 ಆಯಿತು! ಮುಂದಿನ ಕಾಲು ಜಾಸ್ತಿ ಎತ್ತಿ ಹಿಂದಿನದು ಕೆಳಗೆ ಬಿಟ್ಟಿದ್ದಾಳೆ. ಹೊಸಬರು ಓರೆ ಕಂಡ ಕೂಡಲೇ ಸ್ಪ್ಲಿಟ್ ಕಮ್ಮಿ ಅಂತ ಬರೆದುಬಿಡುತ್ತಾರೆ. ಸ್ಪ್ಲಿಟ್ ಪೂರ್ತಿ ಇದೆ, ನಿಲುವು ಸರಿ ಇಲ್ಲ. ಅವೆರಡು ಬೇರೆ ಬೇರೆ.

ಯಾವಾಗ ನೋಡಬೇಕು ಅಂದೆಯಲ್ಲ. ನೆಲದಿಂದ ಒಂದಡಿ ಏರುವ ಲೀಪ್ ಗಾಳಿಯಲ್ಲಿ ಇರುವುದೇ ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಿನಲ್ಲಿ ಅರ್ಧ ಪಾಲು ಏರಿದ ಎತ್ತರದ ಮೇಲಿನ ನಾಲ್ಕನೇ ಒಂದು ಭಾಗದಲ್ಲೇ ಕಳೆಯುತ್ತದೆ. ಹಾರಿದವಳು ಒಂದು ಗಳಿಗೆ ತೂಗಿದ ಹಾಗೆ ಕಾಣುವುದು ಅದಕ್ಕೇ. ನಿನಗೆ ಬೇಕಾದ್ದು ಆ ಗಳಿಗೆ. ಓಡಿ ಬರುವಾಗ ಕಣ್ಣು ಅವಳ ಹಿಂದೆ ಓಡಿದರೆ ತಡವಾಗುತ್ತದೆ, ನಿನಗೆ ಸಿಗುವುದು ಇಳಿಯುವ ಕಾಲು. ಕಣ್ಣು ಮುಂಚೆಯೇ ಮೇಲೆ ಹೋಗಿ ಕಾಯುತ್ತಿರಬೇಕು. ಸ್ಲಿಪ್ ಫೀಲ್ಡರ್ ಬ್ಯಾಟಿನ ಅಂಚಿನ ಮೇಲೆ ಕಣ್ಣಿಟ್ಟು ನಿಂತ ಹಾಗೆ.

ಇನ್ನೊಂದು, ಇದು ನನ್ನದೇ ಎಡವಟ್ಟು. ಹಿಂದೆ ಒಂದು ಜಿಲ್ಲಾ ಸ್ಪರ್ಧೆಯಲ್ಲಿ ವಾರ್ಮ್-ಅಪ್ ನೋಡುತ್ತಾ ಕೂತಿದ್ದೆ. ಒಬ್ಬ ಹುಡುಗಿಯ ಸ್ಪ್ಲಿಟ್ ಎಷ್ಟು ಚೆನ್ನಾಗಿತ್ತು ಅಂದರೆ ಪಕ್ಕದವರಿಗೂ ತೋರಿಸಿದೆ. ಸ್ಪರ್ಧೆಯಲ್ಲಿ ಅವಳಿಗೆ ಸುಸ್ತಾಗಿತ್ತು. ಹಿಂದಿನ ಕಾಲು ಮೇಲೆ ಬರಲೇ ಇಲ್ಲ. ನನ್ನ ಹಾಳೆಯಲ್ಲಿ ಆ ಲೀಪ್ ಪಕ್ಕ ಏನೂ ಬರೆದಿರಲಿಲ್ಲ. ಉಳಿದ ಇಬ್ಬರೂ 0.3 ಹಾಕಿದ್ದರು. ಬೆಳಿಗ್ಗೆ ನೋಡಿದ ಕಾಲನ್ನೇ ನಾನು ಸಂಜೆಯೂ ನೋಡಿದ್ದೆ! ಅವತ್ತಿನಿಂದ ವಾರ್ಮ್-ಅಪ್ ಹೊತ್ತಿನಲ್ಲಿ ಕಾಫಿ ಕುಡಿಯಲು ಹೋಗುತ್ತೇನೆ.


ಒಬ್ಬ ಅಪ್ಪ, ಇಂಜಿನಿಯರ್, ಹುಬ್ಬಳ್ಳಿ

ನಾನು ಜಡ್ಜ್ ಅಲ್ಲ. ಮಗಳನ್ನು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರುವುದು ನನ್ನ ಕೆಲಸ. ಒಂದೇ ಲೀಪ್‌ಗೆ ಎರಡು ಮೂಲೆಯ ಜಡ್ಜ್‌ಗಳು ಬೇರೆ ಬೇರೆ ಅಂಕ ಕೊಟ್ಟಾಗ ತಲೆ ಕೆಟ್ಟು ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ನೀವೂ ಮಾಡಿ ನೋಡಿ, ಐದು ನಿಮಿಷ ಸಾಕು.

ಚಪಾತಿ ಹಿಟ್ಟಿನ ಸಣ್ಣ ಉಂಡೆಗೆ ಎರಡು ಊದುಬತ್ತಿ ಕಡ್ಡಿ ಚುಚ್ಚಿ. ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡೂ ಅಡ್ಡ ಗೆರೆಗಿಂತ 10 ಡಿಗ್ರಿ ಕೆಳಗೆ ಬಾಗಿರಲಿ. ಈಗ ಅದು 160 ಡಿಗ್ರಿಯ ಸ್ಪ್ಲಿಟ್. ಕಣ್ಣಿನ ಮಟ್ಟಕ್ಕೆ ಹಿಡಿದು ನೇರ ಪಕ್ಕದಿಂದ ನೋಡಿ, 160 ಕಾಣುತ್ತದೆ. ಈಗ ನಿಧಾನ ತಿರುಗಿಸಿ, ಒಂದು ಕಡ್ಡಿ ನಿಮ್ಮ ಕಡೆ ಬರುವ ಹಾಗೆ. 60 ಡಿಗ್ರಿ ತಿರುಗಿಸಿದರೆ ಅದೇ ಕಡ್ಡಿಗಳು 140ರ ಹತ್ತಿರ ಕಾಣುತ್ತವೆ. ಅಡ್ಡ ಅಳತೆ ಕುಗ್ಗಿತು, ಇಳಿತ ಹಾಗೇ ಉಳಿಯಿತು. ಹಾಗಾಗಿ ಪಕ್ಕದಲ್ಲಿ ಕೂತವರಿಗೆ 0.1 ಅನ್ನಿಸಿದ ಲೀಪ್ ಮೂಲೆಯಲ್ಲಿ ಕೂತವರಿಗೆ ನಿಜವಾಗಿಯೂ 0.3 ಕಾಣುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ.

ಕಡ್ಡಿಗಳನ್ನು ಪೂರ್ತಿ ನೇರ ಮಾಡಿ ಮತ್ತೆ ತಿರುಗಿಸಿ. ಎತ್ತಲಿಂದ ನೋಡಿದರೂ ನೇರ ಗೆರೆಯೇ. ಅಂದರೆ ನಿಜವಾದ 180ಕ್ಕೆ ಕೂತ ಜಾಗದಿಂದ ಮೋಸ ಇಲ್ಲ. ಕೊರತೆ ಇರುವ ಸ್ಪ್ಲಿಟ್‌ಗೆ ಮಾತ್ರ ಮೂಲೆಯಿಂದ ಅನ್ಯಾಯ ಆಗುತ್ತದೆ.

ಇದಕ್ಕೆ ನನಗೆ ಹೊಳೆದ ದಾರಿ, ಓರೆಯಿಂದ ನೋಡುವಾಗ ಕೋನ ಬಿಟ್ಟು ಎತ್ತರ ನೋಡುವುದು. ಮೊಣಕಾಲು ಸೊಂಟಕ್ಕಿಂತ ಎಷ್ಟು ಕೆಳಗಿದೆ? ಆ ಇಳಿತ ಎಲ್ಲಿಂದ ನೋಡಿದರೂ ಅಷ್ಟೇ. ತೊಡೆ 40 ಸೆಂಟಿಮೀಟರ್ ಉದ್ದದ ಹುಡುಗಿಗೆ ಎರಡು ಮೊಣಕಾಲೂ 7 ಸೆಂಟಿಮೀಟರ್ ಇಳಿದರೆ 160 ಡಿಗ್ರಿ. 15 ಇಳಿದರೆ 135. ನಮ್ಮ ಅಳತೆಯಲ್ಲಿ ಹೇಳುವುದಾದರೆ ನಾಲ್ಕು ಬೆರಳು ಮತ್ತು ಮುಕ್ಕಾಲು ಗೇಣು. ನಾಲ್ಕು ಬೆರಳಿನೊಳಗೆ 0.1, ಅದಕ್ಕಿಂತ ಕೆಳಗೆ 0.3, ಮುಕ್ಕಾಲು ಗೇಣು ದಾಟಿದರೆ ಬೆಲೆ ಇಲ್ಲ. ಪುಟ್ಟ ಮಕ್ಕಳಿಗೆ ತೊಡೆ ಗಿಡ್ಡ, ಅಳತೆಯೂ ಕಮ್ಮಿ ಮಾಡಿಕೊಳ್ಳಿ.


ಹಿರಿಯ ಜಡ್ಜ್, ಬೆಂಗಳೂರು

ಹಿಟ್ಟಿನ ಉಂಡೆ ಈಗಷ್ಟೇ ಮಾಡಿ ನೋಡಿದೆ ಸರ್. ಇಷ್ಟು ವರ್ಷ ಕೂತು ಇದನ್ನು ಯಾರೂ ನನಗೆ ಹೀಗೆ ತೋರಿಸಿರಲಿಲ್ಲ. ಬೀಮ್ ಮೇಲೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಬೀಮ್‌ನ ಉದ್ದಕ್ಕೆ ಮುಖ ಮಾಡಿ ಹಾರಿದರೆ ಪಕ್ಕದಲ್ಲಿ ಕೂತ ನಮಗೆ ಪೂರ್ತಿ ಕಾಣುತ್ತದೆ. ಆದರೆ ಹತ್ತು ಸೆಂಟಿಮೀಟರ್ ಅಗಲದ ಪಟ್ಟಿಯ ಮೇಲೆ ಅಡ್ಡಕ್ಕೆ ನಿಂತು ಸ್ಪ್ಲಿಟ್ ಜಂಪ್ ಮಾಡಿದರೆ ಒಂದು ಕಾಲು ಸೀದಾ ನಮ್ಮ ಮುಖಕ್ಕೇ ಬರುತ್ತದೆ. ಕೋನ ಕಾಣುವುದೇ ಇಲ್ಲ. ಅಲ್ಲಿ ನಾನೂ ಎತ್ತರವನ್ನೇ ನೋಡುತ್ತಿದ್ದೆ, ಗೊತ್ತಿಲ್ಲದೆ.


ಕೋಚ್, ಧಾರವಾಡ

ತಂಗೀ, ನೀವು ಹೊಸಬರು, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಜಡ್ಜ್‌ಗಳ ಮೇಲೆ ಕೋಚ್‌ಗಳಿಗೆ ಇರುವ ದೊಡ್ಡ ಸಿಟ್ಟು 0.3 ಹಾಕಿದ್ದಕ್ಕಲ್ಲ, ಎಲ್ಲರಿಗೂ 0.1 ಹಾಕಿದ್ದಕ್ಕೆ. ಅನುಮಾನ ಬಂದರೆ 0.1. ಕಾಣದಿದ್ದರೆ 0.1. 178 ಡಿಗ್ರಿ ತೆಗೆದವಳಿಗೂ 0.1, 145 ತೆಗೆದವಳಿಗೂ 0.1. ಹಾಗಾದರೆ ನಾನು ಆರು ತಿಂಗಳು ಆ ಮಗುವಿನ ಹಿಂದಿನ ಕಾಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ದುಡಿಸಿದ್ದು ಯಾಕೆ?

ಲೆಕ್ಕ ನೋಡಿ. ಫ್ಲೋರ್‌ನಲ್ಲಿ ಸ್ಪ್ಲಿಟ್ ಲೀಪ್ ಎ ದರ್ಜೆ, ಬೆಲೆ 0.1. ಗಾಳಿಯಲ್ಲಿ ಕಾಲು ಬದಲಿಸುವ ಸ್ವಿಚ್ ಲೀಪ್ ಬಿ ದರ್ಜೆ, 0.2. ಸ್ವಿಚ್ ಲೀಪ್‌ನಲ್ಲಿ 25 ಡಿಗ್ರಿ ಕಮ್ಮಿಯಾದರೆ ಕಡಿತವೇ 0.3. ಮಾಡಿ ಕಳೆದುಕೊಂಡ ಹಾಗೆ! ಹಾಗಂತ ಬಿಡುವಂತೆಯೂ ಇಲ್ಲ. ಲೆಕ್ಕಕ್ಕೆ ಬರುವ 8 ಎಲಿಮೆಂಟ್‌ಗಳಲ್ಲಿ ಕನಿಷ್ಠ 3 ಡ್ಯಾನ್ಸ್ ಎಲಿಮೆಂಟ್ (ಲೀಪ್, ಜಂಪ್, ಸುತ್ತು ಇಂಥವು) ಇರಲೇಬೇಕು. ಫ್ಲೋರ್‌ನಲ್ಲಿ ಎರಡು ಬೇರೆ ಬೇರೆ ಲೀಪ್ ಅಥವಾ ಹಾಪ್ (ಒಂಟಿಕಾಲಿನ ಹಾರಿಕೆ) ಸೇರಿದ ಸಾಲಿಗೆ, ಅಂದರೆ ಪ್ಯಾಸೇಜ್‌ಗೆ 0.5 ಇದೆ, ಅದರಲ್ಲಿ ಒಂದಕ್ಕೆ 180 ಬೇಕು. ಹಾಗಾಗಿ ಮಕ್ಕಳು ಬಂದರೂ ಬರದಿದ್ದರೂ ಹಾರುತ್ತಾರೆ. ನಿಮ್ಮ ಎದುರು ಬರುವ ಅರ್ಧಂಬರ್ಧ ಲೀಪ್‌ಗಳೆಲ್ಲ ಈ ಅನಿವಾರ್ಯದಿಂದ ಬಂದವು.

ಸ್ವಿಚ್ ಲೀಪ್ ಬಂದಾಗ ಇನ್ನೊಂದು ವಿಷಯ. ಕತ್ತರಿ ಆಡಿಸಿದ ಹಾಗೆ ಕಾಲು ಬದಲಾಗುತ್ತದೆ. ಮೊದಲು ಮುಂದೆ ಹೋಗುವ ಕಾಲು ಕನಿಷ್ಠ 45 ಡಿಗ್ರಿ ಏರಿ ಆಮೇಲೆ ಹಿಂದಕ್ಕೆ ಬರಬೇಕು. ಸುಮಾರು ಮಕ್ಕಳು ಅಲ್ಲೇ ಕಳ್ಳಾಟ ಆಡುತ್ತಾರೆ, ಮೊಣಕಾಲು ಮಡಿಚಿ ಸುಮ್ನೆ ಒಂದು ಒದೆತ ತೋರಿಸಿ ಹಿಂದಕ್ಕೆ ಎಳೆದುಬಿಡುತ್ತಾರೆ. ಕೊನೆಗೆ ಸ್ಪ್ಲಿಟ್ ಚೆನ್ನಾಗಿ ಬಂತು ಅಂತ ಜಡ್ಜ್ ಖುಷಿ. ಮೇಡಂ ಹೇಳಿದ ಹಾಗೆ ಕಣ್ಣು ಮೇಲೆ ಹೋಗಿ ಕಾದರೆ ಈ ಕಳ್ಳಾಟ ತಪ್ಪಿಹೋಗುತ್ತದೆ. ಹಾಗಾಗಿ ಸ್ವಿಚ್‌ಗೆ ಎರಡು ಸಲ ನೋಡಬೇಕು, ಮೊದಲು ಒದೆತ, ಆಮೇಲೆ ಸ್ಪ್ಲಿಟ್. ಅದೇ ಸ್ವಿಚ್‌ನಲ್ಲಿ ಮೈ ಗಾಳಿಯಲ್ಲಿ ಸುತ್ತಿನ ನಾಲ್ಕನೇ ಒಂದು ಭಾಗ ತಿರುಗಿ ಕಾಲುಗಳು ಪಕ್ಕಕ್ಕೆ ಬಿಚ್ಚಿಕೊಂಡರೆ ಜಾನ್ಸನ್. ಅಮೆರಿಕದ ಕ್ಯಾಥಿ ಜಾನ್ಸನ್ ಹೆಸರಲ್ಲಿರುವುದು. ಅದು ಪಕ್ಕದಿಂದ ಶುರುವಾಗಿ ನಿಮ್ಮ ಮುಂದೆ ಬಿಚ್ಚಿಕೊಳ್ಳಬಹುದು, ನಿಮಗೆ ಬೆನ್ನು ಹಾಕಿಯೂ ಬಿಚ್ಚಿಕೊಳ್ಳಬಹುದು. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ, ಮೇಡಂ ಹೇಳಲಿ.


ಒಬ್ಬ ತಾಯಿ, ಬೆಂಗಳೂರು

ಇಷ್ಟೆಲ್ಲ ಗಡಿಯಾರ, ಗೇಣು ಯಾಕೆ? ಮೊಬೈಲ್ ಇದೆಯಲ್ಲ. ಮಗಳ ಲೀಪ್ ವಿಡಿಯೊ ನಿಲ್ಲಿಸಿ ಪರದೆಯ ಮೇಲೆ ಅವಳದೇ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟೆ. 172 ಡಿಗ್ರಿ! ಆದರೂ 0.1 ಕತ್ತರಿಸಿದ್ದರು. ಯಾರನ್ನು ಕೇಳುವುದು?


ಹಿರಿಯ ಜಡ್ಜ್, ಬೆಂಗಳೂರು

172ಕ್ಕೆ 0.1 ಸರಿಯೇ ಅಮ್ಮ. 180ಕ್ಕೆ 8 ಕಮ್ಮಿ ಇದೆ. ನಿಮ್ಮ ಕೋನಮಾಪಕ ಜಡ್ಜ್ ಪರವಾಗಿಯೇ ಸಾಕ್ಷಿ ಹೇಳಿತು. ಇಷ್ಟಕ್ಕೂ ಇಪ್ಪತ್ತು ಫ್ರೇಮ್‌ಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ನಿಲ್ಲಿಸಿರುತ್ತೀರಿ, ತಾಯಿ ಅಲ್ವಾ. ಮತ್ತೆ, ಇಂಥ ಕಡಿತದ ಬಗ್ಗೆ ಮೇಲ್ಮನವಿ ಇಲ್ಲ. ಎಲಿಮೆಂಟ್‌ಗೆ ಬೆಲೆ ಸಿಕ್ಕಿತೋ ಇಲ್ಲವೋ ಅನ್ನುವ ಡಿ ಸ್ಕೋರ್ ಬಗ್ಗೆ ಮಾತ್ರ ಕೋಚ್ ಕೇಳಬಹುದು.

ಕೋಚ್ ಸರ್, ಜಾನ್ಸನ್‌ಗೆ ನನ್ನ ಹತ್ತಿರವೂ ಮಂತ್ರ ಇಲ್ಲ. ಎರಡು ಮೊಣಕಾಲೂ ಸೊಂಟದ ಮಟ್ಟಕ್ಕೆ ಬಂದವಾ ಅಂತ ನೋಡುತ್ತೇನೆ, ಅಷ್ಟೇ. ಬೆನ್ನು ಹಾಕಿದರೂ ಅದು ಕಾಣುತ್ತದೆ.


ಕೇಳಿದವರು, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನ ಹಿಟ್ಟು ಹಾಳು ಮಾಡಿ ಬೈಸಿಕೊಂಡೆ, ಆದರೆ ಅರ್ಥ ಆಯಿತು. ಮೇಡಂ, ತಿರುಗುವ ಲೀಪ್‌ಗಳ ಬಗ್ಗೆ ಒಂದು ಮಾತು. ಸ್ಪ್ಲಿಟ್ ನೋಡಲಾ, ಸುತ್ತು ಪೂರ್ತಿ ಆಯಿತಾ ಅಂತ ನೋಡಲಾ? ಎರಡೂ ಒಟ್ಟಿಗೆ ಆಗುತ್ತಿಲ್ಲ.


ಹಿರಿಯ ಜಡ್ಜ್, ಬೆಂಗಳೂರು

ಒಟ್ಟಿಗೆ ಯಾರಿಗೂ ಆಗುವುದಿಲ್ಲ. ಒಂದಾದ ಮೇಲೊಂದು. ಸ್ಪ್ಲಿಟ್ ಮೇಲೆ ಇರುವಾಗ, ಸುತ್ತು ಇಳಿಯುವಾಗ. ನೆಲ ಮುಟ್ಟಿದ ಕ್ಷಣ ಪಾದ ಮತ್ತು ಸೊಂಟ ಎತ್ತ ಮುಖ ಮಾಡಿವೆ ನೋಡು. ನೆಲ ಮುಟ್ಟಿದ ಮೇಲೆ ಪಾದ ಉಜ್ಜಿ ತಿರುಗಿದ್ದು ಲೆಕ್ಕಕ್ಕಿಲ್ಲ. 30 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಉಳಿದರೆ ಅದು ಬೇರೆ ಎಲಿಮೆಂಟ್ ಆಯಿತು, ಬೆಲೆ ಇಳಿಯಿತು. ಮತ್ತೆ ಗಡಿಯಾರವೇ, ಈ ಸಲ ನೆಲದ ಮೇಲೆ ಮಲಗಿಸಿದ್ದು. 30 ಡಿಗ್ರಿ ಅಂದರೆ ಒಂದು ಅಂಕೆ.

ಆ ಒಂದು ಅಂಕೆಯ ತೂಕ ಎಷ್ಟು ಅಂತ ಪ್ಯಾರಿಸ್‌ನಲ್ಲಿ ಎಲ್ಲರೂ ನೋಡಿದೆವು. 2024ರ ಒಲಿಂಪಿಕ್ಸ್, ಆಗಸ್ಟ್ 5, ಫ್ಲೋರ್ ಫೈನಲ್. ಅಮೆರಿಕದ ಜಾರ್ಡನ್ ಚೈಲ್ಸ್‌ಗೆ ಮೊದಲು ಬಂದದ್ದು 13.666, ಐದನೇ ಸ್ಥಾನ. ಅವಳ ಒಂದು ತಿರುಗುವ ಲೀಪ್‌ಗೆ ಪೂರ್ತಿ ಬೆಲೆ ಸಿಕ್ಕಿಲ್ಲ ಅಂತ ಕೋಚ್ ಕೇಳಿದರು. ಜಡ್ಜ್‌ಗಳು ಒಪ್ಪಿ 0.1 ಸೇರಿಸಿದರು. 13.766 ಆಗಿ ಮೂರನೇ ಸ್ಥಾನ. ಅಷ್ಟರಲ್ಲಿ 13.700 ಪಡೆದು ಕಂಚು ಗೆದ್ದೆ ಅಂದುಕೊಂಡು ರೊಮೇನಿಯಾದ ಆನಾ ಬರ್ಬೊಸು ಬಾವುಟ ಹಿಡಿದು ನಿಂತಿದ್ದಳು. ಆಮೇಲೆ ಕ್ರೀಡಾ ನ್ಯಾಯಮಂಡಳಿ ಮನವಿ ಒಂದು ನಿಮಿಷದ ಗಡುವಿಗಿಂತ 4 ಸೆಕೆಂಡ್ ತಡವಾಗಿತ್ತು ಅಂದಿತು. ಕಂಚು ಬರ್ಬೊಸುಗೆ ಹೋಯಿತು. ಚೈಲ್ಸ್ ಸ್ವಿಟ್ಜರ್ಲೆಂಡಿನ ಕೋರ್ಟ್‌ವರೆಗೂ ಹೋದಳು. ಎಲ್ಲರೂ ಆ 4 ಸೆಕೆಂಡ್ ಬಗ್ಗೆ ಮಾತಾಡಿದರು. ನಮ್ಮಂಥವರಿಗೆ ತಲೆಯಲ್ಲಿ ಉಳಿದದ್ದು ಆ ಲೀಪ್. ಒಂದೇ ಲೀಪ್, ಮೊದಲ ನೋಟಕ್ಕೆ ಒಂದು, ವಿಡಿಯೊ ನೋಡಿದ ಮೇಲೆ ಇನ್ನೊಂದು. ನೀನು ಮೊನ್ನೆ ಗೆಳತಿಯ ಜೊತೆ ಮಾಡಿದ್ದೂ ಇದನ್ನೇ.


ಇಂಜಿನಿಯರ್ ಅಪ್ಪ, ಹುಬ್ಬಳ್ಳಿ

ಇದಕ್ಕೆ ಯಂತ್ರ ಬಂದಿದೆಯಲ್ಲ ಮೇಡಂ. ಫುಜಿತ್ಸು ಕಂಪನಿಯದು, ದೇಹದ ಕೀಲುಗಳನ್ನು ಮೂರು ಆಯಾಮದಲ್ಲಿ ಗುರುತಿಸಿ ಕೋನ ಅಳೆಯುತ್ತದೆ. 2023ರ ಆಂಟ್ವರ್ಪ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರ, ಹೆಂಗಸರ ಎಲ್ಲ ಹತ್ತು ಉಪಕರಣಗಳಿಗೂ ಇತ್ತು.


ಕೋಚ್, ಧಾರವಾಡ

ಇತ್ತು ಸರ್. ನಮ್ಮ ಹಾಲ್‌ನಲ್ಲಿ ಫ್ಯಾನ್ ರಿಪೇರಿ ಆದ ಮೇಲೆ ಅದನ್ನೂ ತರಿಸೋಣ.


ಕೇಳಿದವರು, ಮೈಸೂರು (ಐದು ವಾರದ ನಂತರ)

ಮುಗಿಯಿತು. ಬೆಳಿಗ್ಗೆ ಫ್ಲೋರ್, ಮಧ್ಯಾಹ್ನ ಬೀಮ್. ವಾರ್ಮ್-ಅಪ್ ಹೊತ್ತಿಗೆ ಹೊರಗೆ ಹೋದೆ ಮೇಡಂ, ಕಾಫಿ ಇರಲಿಲ್ಲ, ಮಜ್ಜಿಗೆ ಕುಡಿದೆ.

ಮೊದಲ ಮೂರು ಹುಡುಗಿಯರಿಗೆ ಕೈ ನಡುಗುತ್ತಿತ್ತು. ಡಿಗ್ರಿ ಬರೆಯಲು ಹೋಗಿ ಮುಂದಿನ ಎಲಿಮೆಂಟ್ ತಪ್ಪಿಸಿಕೊಂಡೆ. ನಾಲ್ಕನೆಯವಳಿಂದ ಹಾಳೆಯ ಮೇಲೆ ಬರೀ ಎರಡು ಪುಟ್ಟ ಗೆರೆ ಎಳೆಯತೊಡಗಿದೆ, ತೊಡೆಗಳು ಕಂಡ ಹಾಗೆ. ಸ್ವಲ್ಪ ಇಳಿದ ಗೆರೆ, ಜಾಸ್ತಿ ಇಳಿದ ಗೆರೆ. ರೊಟೀನ್ ಮುಗಿದ ಮೇಲೆ ಆ ಗೆರೆ ನೋಡಿ 0.1, 0.3 ಅಂತ ತುಂಬಿದೆ. ಇದರಿಂದ ಕಣ್ಣು ಹಾಳೆಯ ಕಡೆ ಇಳಿಯುವುದು ಕಮ್ಮಿಯಾಯಿತು. ಪಕ್ಕದ ಹಿರಿಯ ಜಡ್ಜ್ ನನ್ನ ಹಾಳೆ ನೋಡಿ ‘ಏನಮ್ಮ ಇದು, ಕಾಗೆ ಗುಬ್ಬಿ ಬರೆದಿದ್ದೀಯಾ’ ಅಂದರು. ಆದರೆ ಮಧ್ಯಾಹ್ನದ ಹೊತ್ತಿಗೆ ಅವರದೂ ನನ್ನದೂ ಹೆಚ್ಚುಕಮ್ಮಿ ಹೊಂದುತ್ತಿತ್ತು. ಎರಡು ಕಡೆ ಮಾತ್ರ ನಾನು ಜಾಸ್ತಿ ಕಡಿದಿದ್ದೆ. ಎರಡೂ ಫ್ಲೋರ್‌ನ ದೂರದ ಮೂಲೆಯಲ್ಲಿ, ಓರೆಯಾಗಿ ಓಡಿ ಹಾರಿದವು. ಕಡ್ಡಿ ತಿರುಗಿಸಿದ್ದು ಆಮೇಲೆ ನೆನಪಾಯಿತು.

ಬೀಮ್‌ನಲ್ಲಿ ಒಬ್ಬಳು, ಹನ್ನೊಂದು ವರ್ಷ ಇರಬಹುದು, ಸ್ಪ್ಲಿಟ್ ಜಂಪ್ ಮಾಡಿದಳು. ಮುಂದಿನ ಕಾಲು ಮೂರರ ಮೇಲೆ ಗೆರೆ ಹೊಡೆದ ಹಾಗೆ. ಹಿಂದಿನದು ಎಂಟು. ಪಾದ ಮಾತ್ರ ಮೇಲಕ್ಕೆ ತಿರುಗಿಸಿ ಮುಚ್ಚಿಕೊಂಡಿದ್ದಳು. 0.3 ಬರೆದೆ, ಮೊಣಕಾಲಿಗೆ 0.1. ಉಳಿದದ್ದೆಲ್ಲ ತುಂಬಾ ಚೆನ್ನಾಗಿತ್ತು, ಕೈ ಚಾಚಿದ್ದು, ಅಲುಗಾಡದೆ ಇಳಿದದ್ದು. ಬರೆಯುವಾಗ ಹೊಟ್ಟೆ ಉರಿಯಿತು.

ಎಲ್ಲ ಮುಗಿದು ಮ್ಯಾಟ್ ಸುತ್ತುವಾಗ ಅವಳು ಬ್ಯಾಗ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಕಾಲಿನ ಮೇಲೆಲ್ಲ ಚಾಕ್ ಪುಡಿ. ನಾನು ಹಾದುಹೋಗುವಾಗ ಮೆಲ್ಲಗೆ ಕೇಳಿದಳು, ‘ಅಕ್ಕಾ, ಹಿಂದಿನ ಕಾಲು ಅಲ್ವಾ?’

ಅಂಕದ ಬಗ್ಗೆ ಮಕ್ಕಳ ಜೊತೆ ಮಾತಾಡಬಾರದು ಅಂತ ಬೆಳಿಗ್ಗೆಯೇ ಹೇಳಿದ್ದರು. ನಕ್ಕು ಸುಮ್ಮನಾದೆ. ಅವಳು ಅಷ್ಟರಲ್ಲೇ ಅಲ್ಲೇ ಗೋಡೆ ಹಿಡಿದುಕೊಂಡು ಹಿಂದಿನ ಕಾಲು ಎತ್ತಿ ನೋಡಿಕೊಳ್ಳುತ್ತಿದ್ದಳು, ಮೊಣಕಾಲು ನೇರ ಇಟ್ಟು.

ಕೋಚ್ ಸರ್, ಒಂದು ಅನುಮಾನ ಉಳಿದಿದೆ. ಒಬ್ಬಳು ರಿಂಗ್ ಜಂಪ್ ಅಂತ ಹಾರಿದಳು, ಹಿಂದಿನ ಪಾದ ತಲೆಯ ಮಟ್ಟಕ್ಕೆ ಬಂತು, ಆದರೆ ಬೆನ್ನೂ ಬಾಗಲಿಲ್ಲ, ತಲೆಯೂ ಹಿಂದಕ್ಕೆ ಹೋಗಲಿಲ್ಲ. ನಾವು ಸಾದಾ ಸ್ಪ್ಲಿಟ್ ಜಂಪ್ ಅಂತ ಬರೆದೆವು. ಅವಳ ಕೋಚ್‌ಗೆ ಅದು ಹಿಡಿಸಲಿಲ್ಲ. ನಿಮ್ಮ ಮಕ್ಕಳಿಗೆ ತಲೆ ಬಿಡುವುದನ್ನು ಮೊದಲು ಕಲಿಸುತ್ತೀರಾ, ಕಾಲು ಎತ್ತುವುದನ್ನಾ?